ಹದಿನಾಲ್ಕನೆಯ ಕಲಮು

ಫೆಬ್ರವರಿ 11

ಇಡೀ ದಿನ ಹಲ್ಲು. ಮೇಲಿನ ಸೆಟ್‌ಗಳು, ಕೆಳಗಿನ ಸೆಟ್‌ಗಳು, ಒಂದು ರಿಪೇರಿ — ಯಾರೋ ಮಂಚದಿಂದ ಇಳಿಯುವಾಗ ತುಳಿದದ್ದು. ಅಕ್ರಿಲಿಕ್‌ಗೆ ಬೆರಳ ತುದಿ ಮತ್ತೆ ಒಡೆದಿದೆ. ಗ್ಲೌಸ್ ಹಾಕಿದರೂ ಅಷ್ಟೇ. ಹಲ್ಲು ಕಟ್ಟುವ ಲ್ಯಾಬ್ ಕೆಲಸ ಬಿಡಿ ಅನ್ನುತ್ತಾನೆ ಡಾಕ್ಟರ್. ಬಿಟ್ಟು?

ಸಂಜೆ ಬಾಗಿಲಲ್ಲಿ ಒಬ್ಬ ಕಾದಿದ್ದ. ವೇಡ್ ಹಚಿನ್ಸ್. ಟೆಕ್ಸಾಸ್ ಕಡೆಯವನು. ಗ್ಯಾಸ್ ಕಂಪನಿಗೆ ನೆಲದಡಿಯ ಗುತ್ತಿಗೆ ಮಾಡಿಸಿಕೊಡುವುದು ಅವನ ಉದ್ಯೋಗ. ಕೈಯಲ್ಲಿ ಪೆಪ್ಪರೋನಿ ರೋಲ್‌ಗಳ, ಅಂದರೆ ಮಸಾಲೆ ಮಾಂಸ ತುಂಬಿದ ಬನ್ನುಗಳ, ಪೊಟ್ಟಣ. ಈ ಗುಡ್ಡಗಾಡಿನವರು ಅದಕ್ಕೆ ಕರಗುತ್ತಾರೆಂದು ಯಾರೋ ಹೇಳಿಕೊಟ್ಟಿರಬೇಕು.

"ಮೇಡಂ, ನಿಮ್ಮಪ್ಪನ ವಿಲ್ ಓದ್ದೆ. ಏನ್ ಜಾಣರು!"

ಜಾಣತನವಲ್ಲ. ಮೇಲಿನ ಜಮೀನು, ಮನೆ — ಮಗ ಡೆನ್ವರ್‌ಗೆ. ಅಡಿಯಲ್ಲಿ ಇರುವುದೆಲ್ಲ ಮಗಳಿಗೆ. ಆಗ ಅಡಿಯಲ್ಲಿ ಇದ್ದದ್ದು ಒಂದು ಮುದಿ ಗ್ಯಾಸ್ ಬಾವಿ. ಡೆನ್ವರ್‌ನ ಮನೆಗೆ ಪುಕ್ಕಟೆ ಗ್ಯಾಸ್ ಕೊಡುವಷ್ಟು ಜೀವವಿತ್ತು, ಅಷ್ಟೇ. ಏನೂ ಕೊಡದೆ ಕೊಟ್ಟಂತೆ ಕಾಣಿಸುವ ಉಪಾಯ. ಅಣ್ಣ ವರ್ಷಗಟ್ಟಲೆ ಇದನ್ನೇ ಜೋಕು ಮಾಡಿದ: "ಗ್ಲೆನಾ, ನಿನ್ ಆಸ್ತಿ ನೋಡ್ಬೇಕಾ? ಗುದ್ದಲಿ ತಗೊಂಡ್ ಬಾ."

ರೋಲ್ ತಿಂದೆ. ಬೆಚ್ಚಗಿತ್ತು. ರುಚಿಯಾಗಿಯೂ ಇತ್ತು. ಅದೇ ಅಸಹ್ಯ.

ಮಾರ್ಚ್ 3

ಗುತ್ತಿಗೆಯ ಕರಡು ಬಂತು. ಹಳೆ ಬಾವಿಗೆ ಸಿಮೆಂಟ್ ತುಂಬಿ ಮುಚ್ಚುತ್ತಾರಂತೆ. ಮೈಲಿ ಆಳಕ್ಕೆ ಹೊಸದು ಕೊರೆಯುತ್ತಾರಂತೆ. ಮನೆಯ ಒಲೆಗೆ, ಹೀಟರಿಗೆ ಹೋಗುವ ಗ್ಯಾಸಿನ ಸುದ್ದಿ ಎಲ್ಲೂ ಇಲ್ಲ.

ಪುಕ್ಕಟೆ ಗ್ಯಾಸಿನ ಮನೆಗಳನ್ನು ದೂರದಿಂದಲೇ ಗುರುತಿಸಬಹುದು. ಜನವರಿಯಲ್ಲೂ ಕಿಟಕಿ ತೆರೆದಿರುತ್ತವೆ. ಒಳಗೆ ಸೆಕೆ. ಡೆನ್ವರ್ ಬನಿಯನ್‌ನಲ್ಲಿ ಕೂತು ಹಿಮ ನೋಡುತ್ತಾನೆ. ಅವನಿಗದು ಶೋಕಿ. ಅತ್ತಿಗೆ ಟ್ರೀವಾಗೆ ಹಾಗಲ್ಲ — ಚಳಿ ತಾಗಿದರೆ ಅವಳ ಬೆರಳು ಬಿಳಿಚಿ ಸತ್ತಂತಾಗುತ್ತವೆ. ಊರ ಬ್ಯಾಂಕಿನಲ್ಲಿ ಕೆಲಸ ಅವಳಿಗೆ, ಅಲ್ಲಿನ ನೋಟರಿ ಮುದ್ರೆಯೂ ಅವಳದೇ. ನೋಟು ಎಣಿಸಲಾಗದ ದಿನಗಳೂ ಇರುತ್ತವೆ.

ಒಂದು ಕಲಮು ನಾನೇ ಟೈಪು ಮಾಡಿ ಸೇರಿಸಿದೆ. ಹದಿನಾಲ್ಕನೆಯದು. ಕಂಪನಿ ಇಲ್ಲಿಂದ ಗ್ಯಾಸ್ ತೆಗೆಯುವವರೆಗೆ, ಟ್ರೀವಾ ಬದುಕಿರುವವರೆಗೆ, ಆ ಮನೆಗೆ ಗ್ಯಾಸ್ ಪುಕ್ಕಟೆ. ಅವಳ ಹೆಸರೇ ಹಾಕಿದೆ. ಡೆನ್ವರ್‌ನದಲ್ಲ.

ಏಪ್ರಿಲ್ 20, ಶನಿವಾರ

ಚರ್ಚ್ ಹಾಲಿನಲ್ಲಿ ಕಾಡುಬೆಳ್ಳುಳ್ಳಿ ಊಟ. ನಾಳೆಯವರೆಗೂ ಎಲ್ಲರ ಬೆವರಿನಲ್ಲಿ ಆ ವಾಸನೆ. ಗ್ಯಾಸ್ ಕಂಪನಿಗಳ ಹುಡುಗರು ಒಬ್ಬೊಬ್ಬ ವಿಧವೆಯ ಪಕ್ಕ ಒಬ್ಬೊಬ್ಬರಂತೆ ಕೂತಿದ್ದರು. ಆಲೂಗೆಡ್ಡೆ ಬಡಿಸುತ್ತಿದ್ದರು. ಮೊಮ್ಮಕ್ಕಳ ಹೆಸರು ಬಾಯಿಪಾಠ. ಎಕರೆಗೆ ಎಷ್ಟು ಸಿಕ್ಕಿತೆಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ವೇಡ್ ನನ್ನ ಪಕ್ಕ.

"ಹದಿನಾಲ್ಕು ಬಿಟ್ರೆ ಮಿಕ್ಕಿದ್ದೆಲ್ಲ ಓಕೆ ಮೇಡಂ. ಹೊಸ ಬಾವಿ ಪ್ರೆಶರ್‌ಗೆ ಆ ಮನೆ ಚಾವಣಿ ಪಿಟ್ಸ್‌ಬರ್ಗ್‌ನಲ್ಲಿ ಹೋಗಿ ಬೀಳತ್ತೆ."

"ಪ್ರೆಶರ್ ಇಳ್ಸೋ ಮೆಷೀನ್ ಹಾಕಿ."

"ಅದಕ್ಕೆ ದುಡ್ಡಾಗತ್ತೆ."

"ನಿಮ್ಮತ್ರ ಇದೆಯಲ್ಲ."

ನಕ್ಕ. ಕ್ಯಾಪ್ ಹಾಕಿದ ಹಲ್ಲು ಕಂಡಿತು. ಕೆಟ್ಟ ಕೆಲಸ, ಒಸಡಿನ ಬಳಿ ಕಪ್ಪು ಗೆರೆ.

ಮೇಜಿನ ಆ ತುದಿಯಿಂದ ಡೆನ್ವರ್ ಕೂಗಿದ: "ಬಿಡ್ಬೇಡ ಕಣೇ! ಏಯ್ ಟೆಕ್ಸಾಸ್, ನನ್ ತಂಗಿ ಹಲ್ಲು ಕಟ್ಟೋಳು — ಕೀಳಕ್ಕೂ ಬರತ್ತೆ, ಹುಷಾರು!"

ಅಲ್ಲಿದ್ದವರೆಲ್ಲ ನಕ್ಕರು. ನಾನೂ. ಅಣ್ಣ ನನ್ನ ಪರ ನಿಂತದ್ದು ಮೊದಲ ಸಲ... ಇಷ್ಟವಾಯಿತು. ಬರೆದಿಟ್ಟಿರುತ್ತೇನೆ.

ಜೂನ್ 9

ಎಕರೆಗೆ ಇನ್ನೂ ಸಾವಿರ ಡಾಲರ್ ಅಂದ ವೇಡ್, ಹದಿನಾಲ್ಕು ಹೋದರೆ. ಇಲ್ಲ ಅಂದೆ.

ರಾತ್ರಿ ಡೆನ್ವರ್ ಫೋನು. "ಭೇಷ್. ಬಿಡ್ಬೇಡ." ಅವನ ದನಿಯಲ್ಲಿ ಇಷ್ಟು ಅಕ್ಕರೆ ಎಂದೂ ಕೇಳಿರಲಿಲ್ಲ.

ಅಕ್ಟೋಬರ್ 2

ಡೆನ್ವರ್ ಹೊಸ ಟ್ರಕ್ ತಂದಿದ್ದಾನೆ. ಕೆಂಪು. ಓವರ್‌ಟೈಮ್ ದುಡ್ಡಂತೆ.

ವೇಡ್ ವಾರಕ್ಕೊಮ್ಮೆ ಬರುತ್ತಾನೆ. ಈಗ ಏನೂ ತರುವುದಿಲ್ಲ.

ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್

ಹಬ್ಬದ ಊಟಕ್ಕೆ ಡೆನ್ವರ್ ಮನೆ ಮುಂದೆ ಕಾರಿನಿಂದ ಇಳಿಯುವಾಗಲೇ ಕಂಡಿತು. ಕಿಟಕಿಗಳು ಮುಚ್ಚಿದ್ದವು. ಎಲ್ಲವೂ. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿತ್ತು.

ಒಳಗೆ ಟ್ರೀವಾ ಕೋಟು ಹಾಕಿಕೊಂಡು ಟರ್ಕಿ ಕೋಳಿ ಕೊಯ್ಯುತ್ತಿದ್ದಳು. ಮೂಲೆಯಲ್ಲಿ ಪುಟ್ಟ ಕರೆಂಟ್ ಹೀಟರು, ಡೆನ್ವರ್‌ನ ಕಾಲ ಕಡೆಗೆ ತಿರುಗಿಸಿದ್ದು.

"ಗ್ಯಾಸ್ ಏನಾಯ್ತು?"

"ಹಳೇ ಬಾವಿ ಮುಚ್ಚಕ್ಕೆ ಸಹಿ ಹಾಕ್ದೆ," ಅಂದ ಡೆನ್ವರ್. "ಜುಲೈನಲ್ಲಿ. ಬಾವಿ ನಿಂದಾದ್ರೂ ಪುಕ್ಕಟೆ ಗ್ಯಾಸಿನ ಹಕ್ಕು ಮನೆಯೋನದು, ನಂದು ತಾನೆ? ಕಂಪನಿ ಕೊಳ್ತು, ನಾನ್ ಕೊಟ್ಟೆ."

"ನಾನು ಅದಕ್ಕೇ ಒಂಬತ್ತು ತಿಂಗಳಿಂದ ಒದ್ದಾಡ್ತಿದೀನಿ!"

"ಅದೇ ಮತ್ತೆ. ಹೇಳಿದ್ರೆ ನೀನು ಹದಿನಾಲ್ಕನ್ನ ಬಿಟ್ಬಿಡ್ತಿದ್ದೆ." ಆಲೂಗೆಡ್ಡೆ ಹಾಕಿಕೊಂಡ. "ಹಳೇದು ಮಾರ್ದೆ. ಹೊಸದು ನಿನ್ ಹದಿನಾಲ್ಕರಿಂದ ಪುಕ್ಕಟೆ ಬರತ್ತೆ. ಯಾರಿಗ್ ಲಾಸು ಹೇಳು? ಕಂಪನಿಗೆ. ಅಯ್ಯೋ ಪಾಪ!"

"ಅತ್ತಿಗೇ, ನಿಂಗ್ ಗೊತ್ತಿತ್ತಾ?"

"ಸಿಮೆಂಟ್ ಲಾರಿ ಬಂದಾಗ ಗೊತ್ತಾಯ್ತು," ಅಂದಳು. "ಗ್ರೇವಿ ಆರೋಗತ್ತೆ. ತಿನ್ನು."

ತಿಂದೆ. ಎದುರಿಗೆ ಡೆನ್ವರ್ ಅಗಿಯುತ್ತಿದ್ದ. ಅಪ್ಪನದೇ ದವಡೆ. ನನ್ನದೂ ಅದೇ. ಹಲ್ಲು ಎಡಕ್ಕೆ ಹೆಚ್ಚು ಸವೆಯುತ್ತದೆ.

ಪಾತ್ರೆ ತೊಳೆಯುವಾಗ ಟ್ರೀವಾ ಬಿಸಿನೀರಿನಲ್ಲಿ ಕೈ ಬಿಟ್ಟುಕೊಂಡು ನಿಂತಳು. ಬಹಳ ಹೊತ್ತು. ತೊಳೆಯುತ್ತಿರಲಿಲ್ಲ.

"ಆ ಹದಿನಾಲ್ಕು... ಇನ್ನೂ ಇದೆ ಅಲ್ವಾ ಗ್ಲೆನಾ?"

"ಇದೆ ಅತ್ತಿಗೆ."

ಡಿಸೆಂಬರ್ 9

ವೇಡ್ ಫೋನು. ದನಿಯಲ್ಲಿ ಮೊಮ್ಮಕ್ಕಳ ಹೆಸರು ಹೇಳುವ ಆ ನಯವಿಲ್ಲ.

"ಶುಕ್ರವಾರ ಕಡೇ ದಿನ ಮೇಡಂ. ಆಮೇಲೆ ಮ್ಯಾಪಲ್ಲಿ ಕೊರೆಯೋ ಗೆರೆ ನಿಮ್ಮನ್ನ ಬಿಟ್ಟು ಸುತ್ಕೊಂಡ್ ಹೋಗತ್ತೆ. ಅಕ್ಕಪಕ್ಕದೋರಿಗೆಲ್ಲ ಚೆಕ್ಕು. ನಿಮಗೆ ಹಲ್ಲು."

"ಹದಿನಾಲ್ಕು ಇಟ್ರೆ?"

"ಇಟ್ರೆ ಸುತ್ಕೊಂಡ್ ಹೋಗತ್ತೆ. ತೆಗೆದ್ರೆ ಜೂನ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ. ನೀವು ನಾಳೆನೇ ಆ ಲ್ಯಾಬಿಗೆ ಬೀಗ ಹಾಕಬಹುದು."

ಬೆರಳಿನ ರಕ್ತ ಇವತ್ತು ಪ್ಲಾಸ್ಟರ್ ಅಚ್ಚಿಗೆ ಹತ್ತಿತು. ಒರೆಸಿದರೆ ಇನ್ನಷ್ಟು ಹರಡಿತು. ಯಾರೋ ಅಪರಿಚಿತನ ಒಸಡು, ನನ್ನ ರಕ್ತ. ಎಸೆದು ಹೊಸದು ಹುಯ್ದೆ.

ಡಿಸೆಂಬರ್ 10

ಡೆನ್ವರ್‌ನ ಕಳ್ಳತನಕ್ಕೆ ನಾನೇಕೆ ಬಹುಮಾನ ಕೊಡಬೇಕು? ಮಾರಿದವನು ಅವನು. ಟ್ರಕ್ ಅವನದು. ಟ್ರಕ್ ಮಾರಿ ಹೆಂಡತಿಗೆ ಹೀಟರ್ ತರಲಿ.

ಒಳ್ಳೆಯ ಕಾರಣ. ಇಷ್ಟು ಒಳ್ಳೆಯ ಕಾರಣ ಸಿಕ್ಕಿದಾಗ ಅನುಮಾನ ಪಡಬೇಕು. ಪಟ್ಟೆ. ಆಮೇಲೆ ವೇಡ್‌ಗೆ ಫೋನು ಮಾಡಿ ಹದಿನಾಲ್ಕು ತೆಗೆಯಿರಿ ಅಂದೆ.

ಸಹಿ ನೋಟರಿಯ ಮುಂದೆ ಆಗಬೇಕಂತೆ. ಟ್ರೀವಾ ಇರುವ ಬ್ಯಾಂಕ್ ಮಾತ್ರ ಬೇಡ ಅಂದೆ. ಆಯ್ತು ಮೇಡಂ ಅಂದ.

ಟ್ರೀವಾಗೆ ಹಣ ಕಳಿಸಬಹುದು. ತಿಂಗಳು ತಿಂಗಳು. ಕಳಿಸುತ್ತೇನೆ. ಬಹುಶಃ.

ಡಿಸೆಂಬರ್ 13, ಶುಕ್ರವಾರ, ಸಂಜೆ

ಬೇರೆ ನೋಟರಿಗೆ ಫ್ಲೂ ಅಂತೆ. ವೇಡ್ ಇದನ್ನು ಹೇಳಿದ್ದು ಬ್ಯಾಂಕಿನ ಬಾಗಿಲಲ್ಲಿ. ಅದೇ ಬ್ಯಾಂಕು. ಅವನ ಕೈ ಆಗಲೇ ಹಿಡಿಕೆಯ ಮೇಲಿತ್ತು.

ಮುದ್ರೆ ಮುಂದಿಟ್ಟುಕೊಂಡು ಕೂತಿದ್ದವಳು ಟ್ರೀವಾ. ನನ್ನನ್ನು ನೋಡಿ ಎದ್ದು ನಿಂತಳು, ಗಿರಾಕಿಗಳಿಗೆ ನಿಲ್ಲುವ ಹಾಗೆ.

"ಇದನ್ನ ನೀನು ಮಾಡ್ಬಹುದಾ ಅತ್ತಿಗೆ?" ಅಂದೆ. ಏನೋ ಒಂದು ಅನ್ನಬೇಕಿತ್ತು. "ಮನೆಯವರು... ಕಾನೂನು..."

"ಪತ್ರದಲ್ಲಿ ನನಗೆ ಲಾಭ ಇದ್ರೆ ಮಾಡೋ ಹಾಗಿಲ್ಲ. ನೋಡ್ತೀನಿ ಇರು."

ಹಾಳೆ ಮಗುಚಿದಳು. ನಿಧಾನ. ಹದಿನಾಲ್ಕರ ಮೇಲೆ ವೇಡ್ ಸ್ಕೇಲಿಟ್ಟು ಗೆರೆ ಎಳೆದಿದ್ದ. ಅಡಿಯಲ್ಲಿ ಅವಳ ಹೆಸರು ಓದಬಹುದಿತ್ತು. ಓದಿದಳು.

"ಇಲ್ಲ. ನನಗೇನೂ ಇಲ್ಲ. ಮಾಡ್ಬಹುದು."

ವೇಡ್ ಪೆನ್ನು ಚಾಚಿದ. ಸಹಿ ಹಾಕಿದೆ.

"ಕಾಟು ಹಾಕಿರೋ ಕಡೆನೂ ಇನಿಷಿಯಲ್ ಬೇಕು," ಅಂದಳು. "ಇಲ್ಲಾಂದ್ರೆ ಅದು ಹೋದ ಹಾಗಲ್ಲ." ಬೆರಳಿಟ್ಟು ತೋರಿಸಿದಳು. ಆ ಬೆರಳಿನ ಪಕ್ಕದಲ್ಲೇ ಬರೆದೆ. ತೆಗೆಯಲಿಲ್ಲ ಅವಳು.

ಮುದ್ರೆ ಒತ್ತುವ ಮುಂಚೆ ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತಾಳಂತೆ.

"ಇದು ನಿನ್ನ ಸ್ವಂತ ಇಚ್ಛೆಯಿಂದಾನಾ, ಗ್ಲೆನಾ?"

ಹೌದು ಅಂದೆ. ಅವಳಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು. ಇನ್ನೊಮ್ಮೆ ಕೇಳಿದಳು, ಸ್ವಲ್ಪ ಗಟ್ಟಿಯಾಗಿ. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಎಲ್ಲರಿಗೂ ಕೇಳಿಸುವ ಹಾಗೆ ಹೌದು ಅಂದೆ. ಅವಳು ಮುದ್ರೆ ಒತ್ತಿದಳು.