ಬೇಕಂತಲೇ ಮಾಡೋ ತಪ್ಪುಗಳು

೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಗುಂಡಿಯ ನಮಸ್ಕಾರ. ಮೊದಲು ಹೊಟ್ಟೆ ತುಂಬ ಬೈದು ಮುಗಿಸು, ಆಮೇಲೆ ಮುಂದೆ ಓದು. ನಿನ್ನ ಮೂರು ಕಾಗದಗಳೂ ಬಂದಿವೆ, ಮೂರೂ ಹೊಲಿಗೆ ಮಷೀನಿನ ಡ್ರಾಯರಲ್ಲಿ ದಾರದ ಉಂಡೆಗಳ ಜೊತೆ ಸುಖವಾಗಿವೆ. ಶಾಲೆ ಶುರುವಾಗೋ ಕಾಲ ನೋಡು, ಊರಿನ ಮಕ್ಕಳೆಲ್ಲ ಒಂದೇ ರಜೆಯಲ್ಲಿ ಗೇಣುದ್ದ ಬೆಳೆದುಬಿಟ್ಟಿದ್ದಾರೆ. ಯೂನಿಫಾರಂ ಹೊಲಿದು ಹೊಲಿದು ನನಗೆ ಕನಸಲ್ಲೂ ನೀಲಿ ಬಟ್ಟೆಯೇ ಕಾಣುತ್ತೆ. ಫೋನಾದ್ರೂ ಮಾಡಬಾರದಿತ್ತಾ ಅಂತೀಯ. ಇರೋದು ಒಂದೂವರೆ ಕೋಣೆ, ಫೋನಲ್ಲಿ ಪಿಸುಗುಟ್ಟಿದ್ರೂ ಮಂಚದ ಮೇಲಿರೋರಿಗೆ ಕೇಳುತ್ತೆ. ಅವರ ವಿಷಯ ಅವರೆದುರಿಗೇ ಆಡೋಕೆ ನನಗೆ ಮನಸ್ಸು ಬರಲ್ಲ, ಅದಕ್ಕೇ ಕಾಗದ.

ನಮ್ಮನೆ ಯಜಮಾನರು, ನಮ್ಮ ಮೇಷ್ಟ್ರು, ಹೇಗಿದ್ದಾರೆ ಅಂತ ಮೂರರಲ್ಲೂ ಕೇಳಿದ್ದೀಯ. ಲಕ್ವ ಹೊಡೆದು ಐದು ತಿಂಗಳಾಯ್ತು. ಈಗ ಗೋಡೆ ಹಿಡ್ಕೊಂಡು ಬಚ್ಚಲಿಗೆ ತಾವೇ ಹೋಗ್ತಾರೆ, ಎಡಗೈಯಲ್ಲಿ ಚೆಲ್ಲದೆ ಊಟ ಮಾಡ್ತಾರೆ. ಹೋಗಿದ್ದು ಮಾತು. ಇಡೀ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಬಾಯಿ ಬಾಗಿಲು ಹಾಕ್ಕೊಂಡುಬಿಟ್ಟಿತ್ತು. "ಅವರಿಗೆ ಎಲ್ಲ ಅರ್ಥ ಆಗುತ್ತೆ, ಮಾತು ಒಳಗೇ ಸಿಕ್ಕಿಹಾಕ್ಕೊಂಡಿದೆ. ಮೊದಲ ವರ್ಷದಲ್ಲಿ ಎಷ್ಟು ಹೊರಗೆ ತರ್ತೀರೋ ತನ್ನಿ, ಆಮೇಲೆ ಕಷ್ಟ" ಅಂತ ಮಾತು ಕಲಿಸೋ ಡಾಕ್ಟರಮ್ಮ ಹೇಳಿದಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಮೊದಲು ಬಂದಿದ್ದು ಬರೀ ಹೆಸರುಗಳು. ಚಮಚ. ಕಿಟಕಿ. ಬೆಕ್ಕು. "ಚಮಚ" ಅಂತ ನನ್ನ ಮುಖ ನೋಡೋರು. ಕೊಡಲಾ? ತೊಳೀಲಾ? ಆಚೆ ಇಡಲಾ? ನಾನೊಂದು ಕೇಳೋದು, ಅವರು ತಲೆ ಆಡಿಸೋದು, ಅಷ್ಟರಲ್ಲಿ ಸಾರು ಆರಿ ತಣ್ಣಗಾಗೋದು. "ನಾಮಪದ ಬರ್ತಿದೆ, ಕ್ರಿಯಾಪದ ಬರ್ತಿಲ್ಲ" ಅಂದರು ಡಾಕ್ಟರಮ್ಮ. ನಾನು ಹಣ್ಣಿನ ಚಿತ್ರ, ಪ್ರಾಣಿ ಚಿತ್ರ ಎಲ್ಲ ಹಿಡಿದು ಮುದ್ದು ಮಾಡಿ ಕೇಳಿದ್ದೇ ಕೇಳಿದ್ದು. "ಹೇಳೀಪ್ಪಾ, ಮೊಲ ಏನ್ಮಾಡುತ್ತೆ?" ಅವರು ಗೋಡೆ ಕಡೆ ತಿರುಗಿ ಮಲಗೋರು. ತಪ್ಪೇನಿಲ್ಲ ಬಿಡು, ನನ್ನನ್ನ ಹಾಗೆ ಕೇಳಿದ್ರೆ ನಾನೂ ಮಲಗ್ತಿದ್ದೆ.

ಆಮೇಲೊಂದು ದಿನ ಲೆಕ್ಕದ ಮೇಷ್ಟ್ರು ಬಂದರು. ನೆನಪಿದೆಯಲ್ಲ, ಉದ್ದ ಮೂಗು, ಯಾವಾಗಲೂ ಕಂಕುಳಲ್ಲಿ ಛತ್ರಿ. ಒಂದೇ ಸ್ಟಾಫ್ ರೂಮಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಕಿತ್ತಾಡಿಕೊಂಡೇ ನಿವೃತ್ತರಾದೋರು. ಟೀ ತರ್ತೀನಿ ಅಂದೆ. ಅವರಿಗೋ ಇಂಗ್ಲಿಷಲ್ಲಿ ಸಂಕೋಚ ಪಡೋ ಅಭ್ಯಾಸ. "ನೋ ನೋ, ಐ ಡಿಡಂಟ್ ಕೇಮ್ ಫಾರ್ ಟೀ" ಅಂದರು.

"ಕಮ್!" ಅಂತು ಮಂಚ.

ನಾವಿಬ್ಬರೂ ಬೆಚ್ಚಿಬಿದ್ವಿ. ಇವರು ದಿಂಬಿಂದ ತಲೆಯೆತ್ತಿದ್ದಾರೆ, ಮುಖ ಕೆಂಪಾಗಿದೆ, ಎಡಗೈ ಬೆರಳು ಲೆಕ್ಕದ ಮೇಷ್ಟ್ರ ಮೂಗಿನ ನೇರಕ್ಕಿದೆ. "ಡಿಡಂಟ್... ಕಮ್!" ಮೂರು ತಿಂಗಳಲ್ಲಿ ಮೊದಲನೇ ಕ್ರಿಯಾಪದ, ಅಕ್ಕಾ! ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಲೆಕ್ಕದ ಮೇಷ್ಟ್ರು ಮಾತ್ರ "ಸಾಯೋಕೆ ಬಿದ್ರೂ ತಿದ್ದೋದು ಬಿಡಲ್ಲ ಈ ಮನುಷ್ಯ" ಅಂತ ಗೊಣಗಿ, ಅವರೇ ಮೂಗು ಒರೆಸಿಕೊಂಡರು.

ಆಗ ನನ್ನ ಮಂಡೆಗೆ ಹೊಳೀತು. ಇವರಿಗೆ ಬೇಕಿರೋದು ಮುದ್ದಲ್ಲ, ತಪ್ಪು! ದಿನಾ ಬಂದು ಒಂದಷ್ಟು ತಪ್ಪು ಮಾತಾಡಿ ಹೋಗಿ ಅಂತ ಲೆಕ್ಕದ ಮೇಷ್ಟ್ರನ್ನ ಬೇಡಿಕೊಂಡೆ. "ನಾನೇನು ಬೇಕಂತ ತಪ್ಪು ಮಾಡ್ತೀನಾ?" ಅಂತ ಅವರಿಗೆ ಸಿಟ್ಟು. ಸಿಟ್ಟಾದ್ರೂ ಬಂದರು. ಆದರೆ ತಮ್ಮ ಇಂಗ್ಲಿಷಿನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಅಂತ ಗೊತ್ತಾದ ಮೇಲೆ ಪುಣ್ಯಾತ್ಮರು ಎಚ್ಚರಿಕೆಯಿಂದ ಮಾತಾಡೋಕೆ ಶುರುಮಾಡಿ, ಒಂದೂ ತಪ್ಪು ಮಾಡಲೊಲ್ಲರು. ಕೆಲಸಕ್ಕೆ ಬಾರದೆ ಹೋದರು.

ಸರಿ, ನಾನೇ ಸೊಂಟ ಕಟ್ಟಿದೆ. ಮೊದಲ ದಿನ ಬಾಯಿಗೆ ಬಂದದ್ದು ಬಡಬಡಿಸಿದೆ. ಇವರು ಕಣ್ಣು ಮುಚ್ಚಿಬಿಟ್ಟರು. ಪೂರ್ತಿ ಹರಿದ ಬಟ್ಟೆಯನ್ನ ಯಾರೂ ರಿಪೇರಿಗೆ ತರಲ್ಲ, ಒಂದು ಹೊಲಿಗೆ ಬಿಚ್ಚಿದ್ರೇ ತರೋದು. ತಪ್ಪು ಹದವಾಗಿರಬೇಕು ಅಂದ್ರೆ ಸರಿ ಯಾವುದು ಅಂತ ಗೊತ್ತಿರಬೇಕಲ್ಲ! ಹಾಗಾಗಿ ಈ ವಯಸ್ಸಲ್ಲಿ ನಿನ್ನ ತಂಗಿ ಇಂಗ್ಲಿಷ್ ವ್ಯಾಕರಣ ಕಲಿತಿದ್ದಾಳೆ, ನಗಬೇಡ. ಕತ್ತರಿಸೋ ಮೇಜಿನ ಒಂದು ಕಡೆ ಬಟ್ಟೆ, ಇನ್ನೊಂದು ಕಡೆ ಪುಸ್ತಕ. ಪಾಠ ಹೇಳೋರು ಲೆಕ್ಕದ ಮೇಷ್ಟ್ರು.

ನೌನ್ ಅಂದ್ರೆ ಹೆಸರು, ವರ್ಬ್ ಅಂದ್ರೆ ಕೆಲಸ, ಅಡ್ಜೆಕ್ಟಿವ್ ಅಂದ್ರೆ ಹೆಸರಿಗೆ ಹಚ್ಚೋ ಲೇಸು. ಲೇಸಿಲ್ಲದೆ ಫ್ರಾಕ್ ಆಗುತ್ತೆ, ಹೊಲಿಗೆ ಇಲ್ಲದೆ ಆಗಲ್ಲ. ಆ ವರ್ಬಿಗೆ ಮೂರು ರೂಪವಂತೆ. ಈಗ ಮಾಡೋದಕ್ಕೊಂದು, ನಿನ್ನೆ ಮಾಡಿದ್ದಕ್ಕೊಂದು, ಮಾಡಿ ಮುಗಿಸಿರೋದಕ್ಕೊಂದು. ವಾಕ್, ವಾಕ್ಡ್, ವಾಕ್ಡ್ ಅನ್ನೋವು ಸಾಧುಪ್ರಾಣಿಗಳು, ಹಿಂದೆ ಒಂದು ಬಾಲ ಅಂಟಿಸಿದ್ರೆ ಮುಗೀತು. ಗೋ, ವೆಂಟ್, ಗಾನ್ ಇವೆಯಲ್ಲ, ಒಂದೇ ಮನೆಯವು ಅಂತ ಆಣೆ ಮಾಡಿ ಹೇಳಿದ್ರೂ ನಂಬೋಕಾಗಲ್ಲ. ನನಗಿಷ್ಟವಾದದ್ದು ಪುಟ್, ಪುಟ್, ಪುಟ್. ನಮ್ಮ ಭಾವನ ಹಾಗೆ, ನಿನ್ನೆ ಹೇಗಿದ್ರೋ ಇವತ್ತೂ ಹಾಗೇ. ಇದನ್ನ ಭಾವನಿಗೆ ಓದಿ ಹೇಳಬೇಡ.

ಈಗ ನಮ್ಮ ಮನೆಯಲ್ಲಿ ದಿನಾ ಸಂಜೆ ಜಗಳ. "ಷಿ ಹ್ಯಾವ್ ಟೂ ಹ್ಯಾಂಡ್ಸ್" ಅಂತೀನಿ ಅಳತೆ ತಗೋತಾ. ಒಳಗಿಂದ "ಹ್ಯಾಸ್!" "ಐ ಕಟ್ಟೆಡ್ ದ ಕ್ಲಾತ್." "ಕಟ್! ಕಟ್!" ರವಿಕೆ ಹೊಲಿಸೋಕೆ ಬಂದ ನರ್ಸಮ್ಮ ಗಾಬರಿಯಾಗಿ ಬಟ್ಟೆ ಎಳ್ಕೊಂಡಳು, ಪಾಪ. ಇಂಗ್ಲಿಷಿನ ಹಿಂದೆಯೇ ನಮ್ಮ ಮಾತೂ ಒಂದೊಂದಾಗಿ ಬಂತು. ಕೊಡು. ತೆಗಿ. ಸಾಕು. ಮೊನ್ನೆ ಉಪ್ಪಿಟ್ಟಿಗೆ ಉಪ್ಪು ಮರೆತಿದ್ದೆ, "ಉಪ್ಪು ಹಾಕು" ಅಂದರು. ಇಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಹೆಸರಿಟ್ಟಾಗ ನನಗೆ ಖುಷಿಯಾಗಿದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆಯ ಕಥೆ ಕೇಳು. ಲೆಕ್ಕದ ಮೇಷ್ಟ್ರೆದುರಿಗೆ ಜಂಭ ಕೊಚ್ಚಿಕೊಂಡೆ. "ಐ ಟೀಚ್ಡ್ ಹಿಮ್ ಗ್ರಾಮರ್." ಇವರು ಎದ್ದು ಕೂತರು. ದಿಂಬು ಸರಿಮಾಡಿಕೊಂಡರು. ಹಳೇ ಕ್ಲಾಸಿನ ಹಾಗೆ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಒಂದೊಂದು ಮಾತನ್ನೂ ಮೇಜಿನ ಮೇಲೆ ಇಟ್ಟ ಹಾಗೆ ಹೇಳಿದರು. "ನೋ. ಐ. ಟಾಟ್. ಯೂ." ಅಂದ್ರೆ ಕಲಿಸಿದ್ದು ತಾವಂತೆ, ನಾನಲ್ಲವಂತೆ! ತಪ್ಪೂ ತಿದ್ದಿದರು, ನನ್ನ ಜಂಭವನ್ನೂ ಇಳಿಸಿದರು. ಆಮೇಲೆ ನಕ್ಕರು ನೋಡು, ಸೊಟ್ಟ ಬಾಯಲ್ಲೇ, ಗಟ್ಟಿಯಾಗಿ. ಲೆಕ್ಕದ ಮೇಷ್ಟ್ರು ಛತ್ರಿ ಕುಟ್ಟಿ ಕುಟ್ಟಿ ನಕ್ಕರು. ನಾನು ಆ ಖುಷಿಯಲ್ಲಿ ಎರಡು ಎಡತೋಳು ಹೊಲಿದಿಟ್ಟಿದ್ದೀನಿ, ಈಗ ಬಿಚ್ಚಬೇಕು.

ಮುಂದಿನ ತಿಂಗಳು ಬರ್ತೀನಿ ಅಂದಿದ್ದೀಯ, ಬಂದೇ ಬಾ. ಏನೂ ತರಬೇಡ, ನಾಲ್ಕು ದಿನ ಇದ್ದು ಹೋಗು. ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಬ್ಬರೂ ನೂರು ಕಾಲ ಚೆನ್ನಾಗಿರಲಿ, ಗಟ್ಟಿಯಾಗಿ ಮಾತಾಡ್ತಾ ಇರಲಿ, ಗದರಿಸಬೇಡ ಅವರನ್ನ. ನನ್ನ ತಲೆ ಮೇಲೆ ನಿನ್ನ ಕೈ ಇರಲಿ.

ನಿನ್ನ
ಗುಂಡಿ

ಮರೆತ ಮಾತು: ಮರೆತದ್ದಲ್ಲ, ಬರೆಯೋದೋ ಬೇಡವೋ ಅಂತ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡ್ತಿದ್ದೆ. ಇವರ ಬಾಯಲ್ಲಿ ಈಗ ಎಲ್ಲರ ಹೆಸರೂ ಬರುತ್ತೆ, ಬೆಕ್ಕಿನದೂ ಬರುತ್ತೆ. ನಾನು ಬೇಕಾದಾಗ ಮಾತ್ರ ಮಂಚಕ್ಕೆ ಚಮಚ ಬಡೀತಾರೆ. ಮೊದಲಿಂದಲೂ ನನ್ನನ್ನ "ಕೇಳಿಸ್ತಾ?" ಅಂತಲೇ ಕರೀತಿದ್ರಲ್ಲ, ನೀನು ಎಷ್ಟು ಅಣಕಿಸ್ತಿದ್ದೆ. ಈಗ ಅದೂ ಇಲ್ಲ. ಮಷೀನು ತುಳೀತಾ ಇರುವಾಗ "ಕೇಳಿಸ್ತಾ?" ಅಂದ ಹಾಗಾಗಿ ಓಡಿಹೋಗ್ತೀನಿ, ಅವರು ನಿದ್ದೆ ಮಾಡ್ತಿರ್ತಾರೆ. ನನ್ನ ನಿಜವಾದ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಒಂದೇ ಸಲ. ಮದುವೆ ನೋಂದಣಿ ದಿನ ಗುಮಾಸ್ತ ತಪ್ಪಾಗಿ ಓದಿದಾಗ, ಇವರು ಎದ್ದು ನಿಂತು ಇಡೀ ಕಚೇರಿಗೆ ಕೇಳೋ ಹಾಗೆ ಸರಿಯಾಗಿ ಹೇಳಿದ್ದರು. ಅಕ್ಕಾ, ನೀನು ಬಂದಾಗ ಅವರೆದುರಿಗೆ ನನ್ನನ್ನ ಬೇರೆ ಯಾವುದಾದ್ರೂ ಹೆಸರಿಂದ ಕರಿ. ನಾನೇ ಮಾಡಿ ನೋಡಬಹುದು, ಆದರೆ ತಿದ್ದದೇ ಹೋದ್ರೆ ಅಂತ ಭಯ. ನೀನು ಪಕ್ಕದಲ್ಲಿದ್ದರೆ ತಡ್ಕೋತೀನಿ.