ಮುಟ್ಟಿದರೆ ಬೀಳುವ ಗೇಟುಗಳು

ಡಬ್ಲಿನ್, ಶನಿವಾರ

ಚಿಕ್ಕಪ್ಪ,

ಇಲ್ಲಿ ಓಟದ ದಾರಿಗೆ ಅಡ್ಡ ನಿಲ್ಲಿಸುವ ಹರ್ಡಲ್‌ಗಳು ಮುಟ್ಟಿದರೆ ಬೀಳುತ್ತವೆ. ಬೆಟ್ಟದ ಹೊಲದಲ್ಲಿ ನೀನು ಹೂತು ನಿಲ್ಲಿಸಿದ ಹಳೆಯ ಕುರಿಗೇಟುಗಳನ್ನೇ ಆರು ವರ್ಷ ಹಾರಿದ ನನಗೆ ಇದು ಗೊತ್ತೇ ಇರಲಿಲ್ಲ. ಬೆಳಗಿನ ಸುತ್ತಿನಲ್ಲಿ ಒಂದೊಂದನ್ನೂ ಬೇಕಾದ್ದಕ್ಕಿಂತ ಗೇಣು ಎತ್ತರ ಹಾರಿ ತಡವಾಗಿ, ಫೈನಲ್‌ಗೆ ಆಯ್ಕೆಯಾದವರಲ್ಲಿ ಹೇಗೋ ಕೊನೆಯವಳಾಗಿ ಸೇರಿದೆ.

ಕೋಚ್ ಮಿಸೆಸ್ ಟಿಯರ್ನಿ, "ಏನೇ ಹುಡುಗಿ, ಹಳ್ಳ ದಾಟ್ತಿದೀಯಾ? ಕಾಲು ತಗುಲಿದ್ರೆ ತಗುಲ್ಲಿ ಬಿಡು," ಎಂದು ಒಂದನ್ನು ಬೆರಳಿನಿಂದ ತಳ್ಳಿ ಬೀಳಿಸಿ ತೋರಿಸಿದರು.

ಮಧ್ಯಾಹ್ನ ಫೈನಲ್‌ನಲ್ಲಿ ಮೂರು ಹರ್ಡಲ್ ಬೀಳಿಸಿ ಎರಡನೆಯವಳಾಗಿ ಬಂದೆ. ಐರ್ಲೆಂಡ್ ತಂಡಕ್ಕೆ ಆರಿಸಿದ್ದಾರೆ. ಮಂಡಿ ತರಚಿದೆ, ಅಯೋಡಿನ್ ಹಚ್ಚಿದ್ದೇನೆ, ಅಮ್ಮನಿಗೆ ಹೇಳಬೇಡ. ಗುರುವಾರದ ಬಸ್ಸಿಗೆ ಬರುತ್ತೇನೆ.

ಒಂದು ಮಾತು ಉಳಿಯಿತು. ಗೇಟು ತೆರೆದು ಬಿಟ್ಟುಬಂದವರಿಗೆ ನಮ್ಮ ಮನೆಯಲ್ಲಿ ಊಟವಿಲ್ಲವಲ್ಲ, ಅದೇ ಅಭ್ಯಾಸ. ಓಟ ಮುಗಿದದ್ದೇ ತಡ, ಹಿಂದಕ್ಕೆ ನಡೆದು ನಾನು ಬೀಳಿಸಿದ್ದನ್ನೆಲ್ಲ ಎತ್ತಿ ನಿಲ್ಲಿಸತೊಡಗಿದೆ. ಜನ ನಕ್ಕರು.

"ಬಾರೇ ಇಲ್ಲಿ, ಪದಕಕ್ಕೆ ನಿನ್ನ ಹೆಸರು ಕೂಗ್ತಿದಾರೆ! ಇಲ್ಲೇನು ನಿಮ್ಮೂರ ಕುರಿ ತಪ್ಪಿಸ್ಕೊಂಡು ಹೋಗ್ತಾವಾ?" ಎಂದರು ಟಿಯರ್ನಿ.

ಮೂರನೆಯದನ್ನೂ ನಿಲ್ಲಿಸಿಯೇ ಹೋದೆ.

ನೋರೀನ್