ಕಾಫಿ ಮೆಷಿನ್‌ಗೆ ಹುಣಸೆಹುಳಿ

ವಿಭವ,
ಏರ್‌ಪೋರ್ಟ್‌ನ ನೈಟ್ ಡ್ಯೂಟಿ ಮುಗಿಸಿ ಬಂದವನೇ ಕಾಫಿ ಮೆಷಿನ್‌ನ ಬಟನ್ ಒತ್ತಬೇಡ ಮಾರಾಯ. ಮೊದಲು ಇದನ್ನು ಓದು.

ಬೋರ್ ನೀರು ಹಾಕಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಒಳಗೆ ಸುಣ್ಣ ಕಟ್ಟಿ ನಿನ್ನೆ ಕೆಂಪು ಲೈಟ್ ಬಂತು. ಅದನ್ನು ನೋಡಿ ಅಪ್ಪ ಟ್ಯಾಂಕಿಗೆ ಹುಣಸೆಹುಳಿ ಕಿವುಚಿದ ನೀರು ಹಾಕಿದ್ದಾರೆ. ದೇವಸ್ಥಾನದ ದೀಪ, ಹರಿವಾಣ ಎಲ್ಲ ಅದರಲ್ಲೇ ಬೆಳಗುತ್ತದಲ್ಲ, ಇದಕ್ಕೆ ಎಂತ ಆಗುತ್ತದೆ ಎಂದುಕೊಂಡರಂತೆ.

ಬೈಯಬೇಡ. ಆ ಮೆಷಿನ್ ತಂದ ದಿನದಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಿ, ಅವರ ಮಾತು ನಿನಗೆ, ನಿನ್ನದು ಅವರಿಗೆ ಮುಟ್ಟಿಸಿ ನಾನು ದಣಿದಿದ್ದೇನೆ.

ಟ್ಯಾಂಕ್ ತೊಳೆದಿಟ್ಟಿದ್ದೇನೆ. ಕಾಫಿಪುಡಿಯ ಕ್ಯಾಪ್ಸೂಲ್ ಕೂರುವ ಜಾಗದಲ್ಲಿ ಹುಳಿಯ ನಾರು ಸಿಕ್ಕಿಕೊಂಡು ಉಂಟು, ಹಳೆ ಬ್ರಷ್‌ನಲ್ಲಿ ತೆಗೆ. ಸುಣ್ಣ ತೆಗೆಯುವ ಪುಡಿ ಫ್ರಿಜ್ ಮೇಲುಂಟು. ಫಿಲ್ಟರ್ ನೀರಿನಲ್ಲಿ ಕರಗಿಸಿ, ಕ್ಯಾಪ್ಸೂಲ್ ಇಡದೆ ಪೂರ್ತಿ ಹರಿಸು. ಆಮೇಲೆ ವಾಸನೆ ಹೋಗುವವರೆಗೆ ಬರೀ ನೀರು. ಕೆಳಗೆ ದೊಡ್ಡ ಪಾತ್ರೆ ಇಡು, ಸಂಜೆ ಬಂದು ಕಟ್ಟೆ ಒರೆಸಲು ನನ್ನಿಂದ ಆಗುವುದಿಲ್ಲ.

ಈಗ ಅದರ ಕೆಳಗೆ ಅಪ್ಪನ ಬೆಳ್ಳಿ ಲೋಟ ಉಂಟು. ನಾನು ಇಟ್ಟದ್ದಲ್ಲ. "ಆ ಡಬ್ಬಿ ಕಾಫಿ ನನ್ನ ಲೋಟಕ್ಕೆ ಬೀಳುವುದು ಬೇಡ" ಎಂದವರೇ, ಬೆಳಿಗ್ಗೆ ಪೂಜೆಗೆ ಹೊರಡುವ ಮೊದಲು ಅದನ್ನು ತೊಳೆದು ಅಲ್ಲಿಟ್ಟು ಹೋಗಿದ್ದಾರೆ.

ಪುಡಿ ನೀರು ಹರಿಸುವಾಗ ಲೋಟವನ್ನು ಬದಿಗಿಡು. ಎಲ್ಲ ಮುಗಿದ ಮೇಲೆ ಇದ್ದಲ್ಲಿಯೇ ಇಡು.

ಮತ್ತೆ, ಅವರು ಬರುವವರೆಗೆ ಮಲಗಬೇಡ.

ಭಾರ್ಗವಿ ಅಕ್ಕ